ಬಿಸಿಲಿಗೆ ಆರದ ತೇವ

ಹೋದ ತಿಂಗಳು ನನ್ನ ತಂಗಿಯ ಮಗ ಸೇಡಂಗೆ ಬಂದಿದ್ದ. ಆಗಷ್ಟೇ ಸರ್ವಿಸಿಂಗ್ ಮಾಡಿಸಿದ ಕಾರನ್ನು ನಮ್ಮ ಮನೆ ಮುಂದೆ ಹಾಸಿದ ಪರಸಿ ಚಪ್ಪಡಿಗಳ ಮೇಲೆ ನಿಲ್ಲಿಸಿ ಊಟಕ್ಕೆ ಕೂತ. ನಾನು ಯಾವುದೋ ಕೆಲಸಕ್ಕೆ ಬಾಗಿಲಿಗೆ ಬಂದು ನೋಡಿದರೆ ಕಾರಿನ ಮುಂಭಾಗದ ಕೆಳಗೆ ಕಲ್ಲು ಒದ್ದೆಯಾಗಿತ್ತು. ನಮ್ಮ ಕಡೆಯ ಬೂದುಗಲ್ಲು ತೇವವಾದರೆ ಕಪ್ಪಾಗಿ ಕಾಣುತ್ತದೆ. ಅಂಗೈಯಗಲದ ಆ ಕಪ್ಪು ಕಂಡದ್ದೇ ಮೊಣಕಾಲಿನ ನೋವು ಮರೆತು ಕೆಳಗೆ ಕೂತೆ. ಬೆರಳಿಗೆ ಹಚ್ಚಿಕೊಂಡು ಮೂಸಿದೆ.

“ದೊಡ್ಡವ್ವಾ, ಅದು ಎ.ಸಿ. ನೀರು. ಏನ್ ಮಾಡ್ಲಿಕತ್ತಿ ಅಲ್ಲಿ?” ಎಂದು ಅವನು ಒಳಗಿನಿಂದಲೇ ನಕ್ಕ.

ಹೌದು, ನೀರೇ. ವಾಸನೆಯಿಲ್ಲ, ಜಿಡ್ಡಿಲ್ಲ. ನಾನೂ ನಕ್ಕು ಎದ್ದೆ. ಆದರೆ ಸೆರಗಿಗೆ ಬೆರಳು ಒರೆಸಿಕೊಳ್ಳುವಾಗ ಚಿತ್ತಾಪುರದ ಆಸ್ಪತ್ರೆಯ ಅಂಗಳ, ಬೇವಿನ ಮರ, ಮಣ್ಣುಬಣ್ಣದ ಹಳೆಯ ಕಾರು, ಅದರ ಕೆಳಗಿನಿಂದ ಹೊರಗೆ ಚಾಚಿದ ಎರಡು ಕಾಲು... ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂದವು. ಆ ಕಾಲು ನಮ್ಮ ಡಾಕ್ಟರಬಾಯಿಯವು.

ನಾನು ಮುಧೋಳದವಳು. ಗುಲಬರ್ಗಾದಲ್ಲಿ ನರ್ಸಿಂಗ್ ಕಲಿತು ಮೊದಲ ನೌಕರಿಗೆ ಚಿತ್ತಾಪುರಕ್ಕೆ ಹೋದಾಗ ರಾಜ್ಯದ ಹೆಸರು ಬದಲಾಗಿ ಹೆಚ್ಚು ಕಾಲವಾಗಿರಲಿಲ್ಲ. ಆಸ್ಪತ್ರೆಯ ಬೋರ್ಡಿನ ಮೇಲೆ ‘ಕರ್ನಾಟಕ’ ಎಂದು ಹೊಸ ಬಣ್ಣದಲ್ಲಿ ಬರೆದಿದ್ದರು. ಅದರ ಕೆಳಗೆ ‘ಮೈಸೂರು’ ಇನ್ನೂ ಮಸುಕಾಗಿ ಕಾಣುತ್ತಿತ್ತು. ಡಾಕ್ಟರಬಾಯಿ ನನಗಿಂತ ಮೊದಲೇ ಅಲ್ಲಿಗೆ ಬಂದಿದ್ದರು; ನಾವೆಲ್ಲ ಬರೀ ‘ಬಾಯಿ’ ಎನ್ನುತ್ತಿದ್ದೆವು. ಹೈದರಾಬಾದಿನಲ್ಲಿ ಓದಿದವರು. ಎತ್ತರದ ಆಳು, ಅರ್ಧ ನೆರೆತ ಕೂದಲು, ಅಂಚಿಲ್ಲದ ಬಿಳಿ ಸೀರೆ, ಕಾಲಿಗೆ ಗಂಡಸರ ಚಪ್ಪಲಿ. ಕನ್ನಡ, ಉರ್ದು, ತೆಲುಗು ಮೂರನ್ನೂ ಕಲಸಿ ಮಾತಾಡುತ್ತಿದ್ದರು. ಕೋಪ ಬಂದಾಗ ಮಾತ್ರ ಶುದ್ಧ ಉರ್ದು. ಗಂಡ ಎಲ್ಲಿದ್ದಾರೆ, ಮಕ್ಕಳಿದ್ದಾರೆಯೇ ಎಂದು ಕೇಳುವ ಧೈರ್ಯ ಊರಲ್ಲಿ ಯಾರಿಗೂ ಇರಲಿಲ್ಲ. ನನಗಂತೂ ಮೊದಲ ಕೆಲವು ತಿಂಗಳು ಅವರ ಮುಖ ನೋಡಿ ಮಾತಾಡುವ ಧೈರ್ಯವೇ ಇರಲಿಲ್ಲ.

ಆಗ ಆ ಕಡೆ ಕಾರು ಓಡಿಸುವ ಹೆಂಗಸು ಅವರೊಬ್ಬರೇ ಇದ್ದಿರಬೇಕು. ಶಹಾಬಾದಕ್ಕೋ ವಾಡಿಗೋ ಹೊರಟರೆ ದಾರಿಯಲ್ಲಿ ದನ ಕಾಯುವವರು ಎದ್ದು ನಿಂತು ನೋಡುತ್ತಿದ್ದರು. ಮುಂದಕ್ಕೆ ಓಡಿಸುವುದರಲ್ಲಿ ಬಹಳ ಗಟ್ಟಿ. ಹಿಂದಕ್ಕೆ ತೆಗೆಯುವುದು ಮಾತ್ರ ಕಡೆತನಕ ಅವರ ಕೈಗೆ ಹತ್ತಲಿಲ್ಲ. ಆಸ್ಪತ್ರೆ ಗೇಟಿನ ಎಡಗಡೆಯ ಕಂಬಕ್ಕೆ ಆ ಕಾರು ಎಷ್ಟು ಸಲ ತಗುಲಿತ್ತೆಂದರೆ, ಸುಣ್ಣ ಬಳಿಯುವವರು ಆ ಜಾಗ ಬಿಟ್ಟೇ ಬಳಿಯುತ್ತಿದ್ದರು. “ಕಂಬ ತಪ್ಪು ಜಾಗದಾಗ ಅದ,” ಎಂದು ಅವರು ಕಾರಿನಿಂದ ಇಳಿಯುತ್ತಾ ಹೇಳುವುದು, ನಾವು ಮುಖ ತಿರುಗಿಸಿ ನಗುವುದು...

ಆ ವರ್ಷ ಬಿಸಿಲು ಹತ್ತುವ ಹೊತ್ತಿಗೆ ಕಾರು ಶಹಾಬಾದದ ಒಂದು ಗ್ಯಾರೇಜಿನಲ್ಲಿ ರಿಪೇರಿಯಾಗಿ ಬಂತು. ಮುಂದಿನ ಗಾಲಿಗಳನ್ನು ಬಿಚ್ಚಿ ಬ್ರೇಕಿನ ಕೆಲಸ ಮಾಡಿದ್ದರು, ರೇಡಿಯೇಟರಿಗೆ ಬೆಸುಗೆ ಹಾಕಿದ್ದರು, ಮೈಯೆಲ್ಲ ಒರೆಸಿ ಹೊಳೆಯಿಸಿದ್ದರು. ಬಾಯಿ ಒಂದು ಸಂಜೆ ತಾವೇ ಓಡಿಸಿಕೊಂಡು ಬಂದು ಬೇವಿನ ಮರದ ಕೆಳಗೆ, ಪರಸಿ ಹಾಸಿದ ಜಾಗದಲ್ಲಿ ನಿಲ್ಲಿಸಿದ್ದರು.

ಮರುದಿನ ಬೆಳಿಗ್ಗೆ ಎಡಗಡೆಯ ಮುಂದಿನ ಗಾಲಿಯ ಹತ್ತಿರ ಕಲ್ಲು ಒದ್ದೆಯಾಗಿತ್ತು. ಮೊದಲು ನೋಡಿದವನು ಗೇಟಿನ ಕಾವಲುಗಾರ. ಆಸ್ಪತ್ರೆಯ ಅಂಗಳದಲ್ಲಿ ಒಂದು ಬಿಳಿ ನಾಯಿ ಇತ್ತು. ಬಾಯಿ ದಿನಾ ತಮ್ಮ ರೊಟ್ಟಿಯಲ್ಲಿ ಅರ್ಧ ಅದಕ್ಕೆ ಹಾಕುತ್ತಿದ್ದರು. ಅದು ಉಂಡ ಮನೆಯ ಋಣ ತೀರಿಸುವಂತೆ ಅವರ ಕಾರಿನ ಗಾಲಿಗೇ ಹೋಗಿ ಕಾಲೆತ್ತುತ್ತಿತ್ತು.

“ಮತ್ತ ಅದೇ ಸೂಳೇಮಗಂದು ಕೆಲಸ ನೋಡ್ರಿ,” ಎಂದು ಕಾವಲುಗಾರ ನಾಯಿಯನ್ನು ಬೈದು ಓಡಿಸಿದ.

ಕಂಪೌಂಡರ್ ಹೊರಗೆ ಬಂದು ಬಗ್ಗಿ ನೋಡಿದರು. ವಯಸ್ಸಾದ, ನಿಧಾನದ ಮನುಷ್ಯ. ಹಣೆಗೆ ವಿಭೂತಿ, ಕಿವಿಗೆ ಪೆನ್ಸಿಲ್. “ನಾಯಿದಲ್ಲ, ಬ್ಯಾಟರಿ ನೀರಿರಬೇಕು. ಯಾರೂ ಮುಟ್ಟಬ್ಯಾಡ್ರಿ, ಕೈ ಸುಡತದ,” ಎಂದರು.

ಅಷ್ಟರಲ್ಲಿ ಬಾಯಿ ಬಂದರು. ನಿಂತಲ್ಲಿಂದಲೇ ಒಂದು ಸಲ ನೋಡಿ, “ರೇಡಿಯೇಟರ್ ನೀರು. ಹೊಸ ಬೆಸುಗಿ, ಜರಾ ಸೋರತದ. ಮತ್ತೇನಿಲ್ಲ,” ಎಂದು ಒಳಗೆ ಹೋದರು. ಬಾಯಿ ಹೇಳಿದ ಮೇಲೆ ಮುಗಿಯಿತು. ನಾಯಿಯೂ ಬ್ಯಾಟರಿಯೂ ಮರೆತುಹೋದವು. ಓ.ಪಿ. ಶುರುವಾಯಿತು.

ಮಧ್ಯಾಹ್ನದ ಹೊತ್ತಿಗೆ ನಾನು ತೊಳೆದ ಡ್ರೆಸ್ಸಿಂಗ್ ಬಟ್ಟೆಗಳನ್ನು ಒಣಹಾಕಲು ಅಂಗಳಕ್ಕೆ ಹೋದೆ. ಕಾವಲುಗಾರ ಆ ಜಾಗಕ್ಕೆ ಬಕೆಟ್ ನೀರು ಸುರಿದು ಯಾವಾಗಲೋ ತೊಳೆದಿದ್ದ. ಮರದ ನೆರಳು ಸರಿದು ಬಿಸಿಲು ನೇರ ಬಿದ್ದಿತ್ತು. ಕಲ್ಲು ಕಾದ ಹಂಚಾಗಿತ್ತು. ಸುರಿದ ನೀರೆಲ್ಲ ಆರಿ ಕಲ್ಲು ಬೂದಾಗಿತ್ತು. ಗಾಲಿಯ ಹತ್ತಿರದ ಆ ಕಲೆ ಮಾತ್ರ ಹಾಗೇ ಇತ್ತು, ಕಪ್ಪಗೆ, ಹಸಿಹಸಿಯಾಗಿ. ತೊಳೆದ ಮೇಲೂ ಮತ್ತೆ ಹನಿದಿತ್ತು.

ನನಗೆ ವಿಚಿತ್ರವೆನಿಸಿತು. ಹೇಳಬೇಕೋ ಬೇಡವೋ ಎಂದು ಒದ್ದೆ ಬಟ್ಟೆ ಕೈಯಲ್ಲಿ ಹಿಡಿದು ನಿಂತೆ. ಬಾಯಿ ನೀರು ಎಂದು ಹೇಳಿ ಆಗಿತ್ತು. ನಿನ್ನೆ ಮೊನ್ನೆ ಬಂದ ನಾನು ಅಲ್ಲ ಎನ್ನುವುದು ಹೇಗೆ?

ಆಗಲೇ ಗೇಟಿನಲ್ಲಿ ಸೈಕಲ್ ಬಿದ್ದ ಸದ್ದಾಯಿತು. ದಂಡೋತಿಯಿಂದ ಒಬ್ಬ ಯುವಕ ಬಂದಿದ್ದ. ಮೈಯೆಲ್ಲ ಬೆವರು, ಧೂಳು. ಅವನ ಅಕ್ಕನಿಗೆ ಬೆಳಗಿನ ಜಾವ ಮನೆಯಲ್ಲೇ ಹೆರಿಗೆಯಾಗಿತ್ತು.

“ಕೂಸು ಛಲೋ ಅದರಿ ಬಾಯಾರ, ಕಸ ಬಿದ್ದಿಲ್ರಿ. ರಕ್ತ ನಿಂದ್ರವಲ್ದು. ಸೂಲಗಿತ್ತಿ ಕೈ ಬಿಟ್ಟಾಳ್ರಿ,” ಎಂದು ಅವನು ಮೆಟ್ಟಿಲ ಮೇಲೆ ಕುಸಿದು ಕೂತ.

ಮಾಸು ಒಳಗೇ ಉಳಿದರೆ ಏನಾಗುತ್ತದೆಂದು ನಾನು ಪುಸ್ತಕದಲ್ಲಿ ಓದಿದ್ದೆ. ಬಾಯಿ ಕಣ್ಣಾರೆ ಕಂಡಿದ್ದರು. ಆಸ್ಪತ್ರೆಯ ಜೀಪು ಕುಟುಂಬ ಯೋಜನೆಯ ಶಿಬಿರಕ್ಕೆಂದು ಚಿಂಚೋಳಿ ಕಡೆ ಹೋಗಿತ್ತು. ಇದ್ದದ್ದು ಬಾಯಿಯ ಕಾರು ಒಂದೇ. ಕ್ಷಣದಲ್ಲಿ ಇಂಜೆಕ್ಷನ್ ಪೆಟ್ಟಿಗೆ, ಸಲೈನ್ ಬಾಟಲಿ, ಕುದಿಸಿಟ್ಟ ಗ್ಲೌಸು ಎಲ್ಲ ಹಿಂದಿನ ಸೀಟಿಗೆ ಬಂದವು. ಬಾಯಿ ಕೀಲಿ ಹಿಡಿದು ಬಾಗಿಲು ತೆರೆದರು.

ಈಗ ಹೇಳದಿದ್ದರೆ ಆಗದು ಎನಿಸಿತು. “ಬಾಯಾರ, ಆ ನೀರು ಇನ್ನೂ ಆರಿಲ್ರಿ,” ಎಂದೆ.

“ಯಾವ ನೀರು?”

“ಮುಂಜಾನಿ ನೀವು ನೋಡಿದ್ದು. ಕಾವಲುಗಾರ ಹಾಕಿದ ನೀರೆಲ್ಲಾ ಆರೇದ. ಅದೊಂದು ಆರಿಲ್ಲ.”

ಅವರು ನನ್ನ ಮುಖವನ್ನೇ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಅವರು ಕೀಲಿಯನ್ನು ನನ್ನ ಕೈಗೆ ಕೊಟ್ಟು, ಸೀರೆ ಸೊಂಟಕ್ಕೆ ಸಿಕ್ಕಿಸಿ, ಆ ಕಾದ ಕಲ್ಲಿನ ಮೇಲೆ ಅಂಗಾತ ಮಲಗಿ ಕಾರಿನ ಕೆಳಗೆ ಸರಿದರು. ಹೊರಗೆ ಕಂಡದ್ದು ಎರಡು ಕಾಲು, ಗಂಡಸರ ಚಪ್ಪಲಿ.

“ಎಂಜಿನ್ ಕೆಳಗ ಒಣಗೇದ,” ಎಂದು ಕೆಳಗಿನಿಂದ ಮಾತು ಬಂತು. “ರೇಡಿಯೇಟರ್ ಕೆಳಗೂ ಒಣಗೇದ. ಗಾಲಿ ಒಳಮೈ ತೊಯ್ದದ. ನಾಯಿ ಹೊರಗಿಂದ ತೋಯಿಸ್ತದ, ಇದು ಒಳಗಿಂದ ಇಳದದ. ಬಾ, ನೀನೂ ಮುಟ್ಟಿ ನೋಡು.”

ನಾನು ಗಾಲಿಯ ಹಿಂದೆ ಕೈ ಹಾಕಿದೆ. ಬೆರಳು ಜಾರಿತು. ಎಣ್ಣೆಯ ಹಾಗಿತ್ತು, ಆದರೆ ಎಣ್ಣೆಯಷ್ಟು ದಪ್ಪವಿಲ್ಲ. ಬಣ್ಣ ಹೆಚ್ಚುಕಡಿಮೆ ನೀರಿನದೇ, ತುಸು ಹಳದಿ. ಮೂಸಿದೆ. ಪೆಟ್ರೋಲ್ ಅಲ್ಲ, ಸೀಮೆಎಣ್ಣೆ ಅಲ್ಲ. ಸ್ವಲ್ಪ ಸಿಹಿ, ಸ್ವಲ್ಪ ಕಮಟು, ನನಗೆ ಗೊತ್ತಿಲ್ಲದ ಯಾವುದೋ ವಾಸನೆ.

“ಬಟ್ಟಲದಾಗ ನೀರು ತಗೊಂಡು ಬಾ.”

ಡ್ರೆಸ್ಸಿಂಗ್ ಬಟ್ಟಲಲ್ಲಿ ನೀರು ತಂದೆ. ಅವರು ಹೊರಗೆ ಬಂದು ತಮ್ಮ ಬೆರಳನ್ನು ಅದರಲ್ಲಿ ಅದ್ದಿದರು. ಎಂಜಿನ್ ಎಣ್ಣೆಯಾಗಿದ್ದರೆ ಮೇಲೆ ತೇಲಿ ಬಣ್ಣಬಣ್ಣವಾಗಿ ಹರಡಬೇಕಿತ್ತು. ಇದು ಹರಡಲಿಲ್ಲ. ನೀರಿನೊಳಗೆ ಕರಗಿ ಹೋಯಿತು. ಬೆರಳು ಸಾಬೂನಿಲ್ಲದೆ ಸ್ವಚ್ಛವಾಯಿತು. ಆಮೇಲೆ ಅವರು ಗಾಲಿಯ ಕಬ್ಬಿಣವನ್ನು ಉಗುರಿನಿಂದ ಕೆರೆದರು. ಹನಿ ಇಳಿದ ಜಾಗದಲ್ಲಿ ಬಣ್ಣ ಸುಕ್ಕುಗಟ್ಟಿ, ಸುಟ್ಟ ಚರ್ಮದ ಹಾಗೆ ಎದ್ದು ಬಂತು.

ದಂಡೋತಿಯ ಯುವಕನಿಗೆ ತಡೆಯಲಾಗಲಿಲ್ಲ. “ಅಲ್ಲಿ ನಮ್ಮಕ್ಕ ಸಾಯ್ಲಿಕತ್ತಾಳ! ನೀವು ಇಲ್ಲಿ ಮೋಟರ್ ತೊಳಿಲಿಕತ್ತೀರೇನ್ರಿ?” ಎಂದು ಕೂಗಿಯೇಬಿಟ್ಟ. ಕಂಪೌಂಡರ್ ಅವನ ರಟ್ಟೆ ಹಿಡಿದರು.

ಬಾಯಿ ಅವನನ್ನು ಬೈಯಲಿಲ್ಲ. ಕಾರಿನೊಳಗೆ ಕೂತು ಬ್ರೇಕ್ ಒತ್ತಿದರು. ಪೆಡಲ್ ತಳದವರೆಗೂ ಮೆತ್ತಗೆ ಇಳಿದುಹೋಯಿತು.

“ಕೇಳು ತಮ್ಮಾ. ಇದು ಬ್ರೇಕಿನ ಎಣ್ಣಿ. ಇದು ಸೋರಿಹೋದ್ರ ಗಾಡಿ ನಿಂದ್ರೂದಿಲ್ಲ. ನಿಮ್ಮೂರಿಗೆ ಹೊಳಿ ಕಡಿ ಇಳಕಲದಾಗ ಇಳಿಬೇಕು. ನಾ ಹೊಳ್ಯಾಗ ಬಿದ್ರ ನಿಮ್ಮಕ್ಕನ ಹತ್ರ ಯಾರು ಹೋಗ್ತಾರ, ಹೇಳು?” ಎಂದರು. ಬಾಯಿ ನನ್ನ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ, “ಮುಂಜಾನಿ ನಾ ಅಂದದ್ದು ತಪ್ಪು. ಮುಟ್ಟದೇ ಹೆಸರು ಹೇಳಿದೆ,” ಎಂದರು.

ಅಷ್ಟೇ. ಅದಕ್ಕೊಂದು ಮುಖ ಸಣ್ಣ ಮಾಡಿಕೊಳ್ಳುವುದಿಲ್ಲ, ನೆಪ ಹೇಳುವುದಿಲ್ಲ. ದೊಡ್ಡವರು ಹಾಗೆ ನಾಲ್ಕು ಜನರ ಮುಂದೆ ತಪ್ಪೆಂದು ಹೇಳಿ, ಮರುಗಳಿಗೆ ಅಷ್ಟೇ ಗಟ್ಟಿಯಾಗಿ ಮುಂದಿನ ಕೆಲಸಕ್ಕೆ ಕೈಹಾಕುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಮುಂದೆ ನಡೆದದ್ದನ್ನು ಹೇಳಿದರೆ ಯಾವ ಗ್ಯಾರೇಜಿನವರೂ ಇವತ್ತಿಗೂ ನಗುತ್ತಾರೆ, ಆಮೇಲೆ ತಲೆಯಾಡಿಸುತ್ತಾರೆ. ಬ್ರೇಕಿನ ಎಣ್ಣೆ ಗಾಲಿಗೆ ಹೋಗುವುದು ಒಂದು ರಬ್ಬರ್ ಕೊಳವೆಯಿಂದ. ಆ ಒಂದು ಕೊಳವೆಯನ್ನು ಹಿಸುಕಿ ಹಿಡಿದರೆ ಆ ಗಾಲಿಯ ಬ್ರೇಕ್ ಹೋಗುತ್ತದೆ, ಉಳಿದ ಮೂರು ಗಾಲಿಯದು ಉಳಿಯುತ್ತದೆ. ಹಿಸುಕಲು ಆಸ್ಪತ್ರೆಯಲ್ಲಿ ಏನಿದೆ? ರಕ್ತನಾಳ ಹಿಡಿಯುವ ಇಕ್ಕಳ, ಆರ್ಟರಿ ಫೋರ್ಸೆಪ್ಸ್, ಇತ್ತು.

“ಭಾಳ ಗಟ್ಟಿದು ತಗೊಂಡು ಬಾ. ಎರಡು ತಾ. ಹಳೇ ಕ್ಯಾಥೆಟರ್ ರಬ್ಬರ್ ತುಂಡು ಮಾಡಿ ಅದರ ಹಲ್ಲಿಗೆ ಹಾಕು. ಕೊಳವಿ ಕಚ್ಚಬಾರದು, ಹಿಡಿಬೇಕು ಅಷ್ಟೇ.”

ನಾನು ಕತ್ತರಿಸಿ ತೊಡಿಸಿ ಕೊಟ್ಟೆ. ಕಂಪೌಂಡರ್ ಉಪಕರಣಗಳನ್ನು ನೋಡಿ ನಿಟ್ಟುಸಿರಿಟ್ಟರು. “ಬಾಯಾರ, ಮಂದಿಗೆ ಹಾಕೋದನ್ನ ಮೋಟರಿಗೆ ಹಾಕ್ಲಿಕತ್ತೀರಿ,” ಎಂದರು. “ರಕ್ತ ಹೋಗಲಿಕತ್ತದಲ್ಲರಿ ಇದಕ್ಕೂ,” ಎಂದು ಬಾಯಿ ಮತ್ತೆ ಕೆಳಗೆ ಸರಿದರು. ಒಂದರ ಪಕ್ಕ ಒಂದು ಎರಡೂ ಫೋರ್ಸೆಪ್ಸ್ ಹಾಕಿ, ಗಾಲಿಗೆ ತಗುಲದಂತೆ ಬ್ಯಾಂಡೇಜಿನಿಂದ ಕಟ್ಟಿದರು. ಗ್ಯಾರೇಜಿನವನು ಉಳಿದ ಎಣ್ಣೆಯ ಡಬ್ಬಿಯನ್ನು ಡಿಕ್ಕಿಯಲ್ಲಿ ಇಟ್ಟಿದ್ದ. ಅದನ್ನು ಸುರಿದು ಮಟ್ಟ ತುಂಬಿಸಿದರು. ಅವರು ಪೆಡಲ್ ಒತ್ತುತ್ತಾ ಹೋದಂತೆ ನಾನು ಕೆಳಗೆ ಬಗ್ಗಿ ನೋಡುತ್ತಿದ್ದೆ. ಹನಿ ಬೀಳಲಿಲ್ಲ. ಪೆಡಲ್ ಗಟ್ಟಿಯಾಯಿತು. ಅಂಗಳದಲ್ಲೇ ಕಾರನ್ನು ಸ್ವಲ್ಪ ಓಡಿಸಿ ಜೋರಾಗಿ ಬ್ರೇಕ್ ಹಾಕಿದರು. ಕಾರು ಬಲಕ್ಕೆ ಮೂತಿ ತಿರುಗಿಸಿ ನಿಂತಿತು.

“ಬಲಕ್ಕ ಎಳಿತದ. ನನಗ ಗೊತ್ತದ, ಗಾಡಿಗೆ ಗೊತ್ತಿಲ್ಲ. ನಡಿರಿ,” ಎಂದರು.

ದಂಡೋತಿಯ ದಾರಿ ನನಗೆ ತುಣುಕುತುಣುಕಾಗಿ ನೆನಪಿದೆ. ಎರಡೂ ಕಡೆ ಕೊಯ್ದ ಜೋಳದ ಹೊಲ, ಒಡೆದ ಕರಿಮಣ್ಣು. ಯುವಕ ಹಿಂದಿನ ಸೀಟಿನಲ್ಲಿ ಸಲೈನ್ ಬಾಟಲಿಯನ್ನು ಕೂಸಿನ ಹಾಗೆ ಎದೆಗವಚಿಕೊಂಡಿದ್ದ. ಬಾಯಿ ಯಾವತ್ತಿಗಿಂತ ನಿಧಾನವಾಗಿ, ಚಿಕ್ಕ ಗೇರಿನಲ್ಲಿ, ಸುಮ್ಮನೆ ಮುಂದೆ ನೋಡುತ್ತಾ ಓಡಿಸಿದರು. ಹೊಳೆಯ ಇಳಿಜಾರಿನಲ್ಲಿ ಜೋಳದ ದಂಟಿನ ಕಣಿಕೆ ಹೇರಿದ ಒಂದು ಬಂಡಿ ಅಡ್ಡ ಬಂತು. ಎತ್ತುಗಳು ಕಾರು ಕಂಡು ಬೆದರಿ ರಸ್ತೆಯ ನಡುವೆಯೇ ನಿಂತವು. ನಾನು ಡ್ಯಾಶ್‌ಬೋರ್ಡ್ ಹಿಡಿದುಕೊಂಡೆ. ಬಾಯಿ ಮೊದಲೇ ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿ ಹಿಡಿದು ಬ್ರೇಕ್ ಒತ್ತಿದರು. ಕಾರು ನೇರವಾಗಿ, ಕಣಿಕೆಯ ವಾಸನೆ ಮೂಗಿಗೆ ಬಡಿಯುವಷ್ಟು ಹತ್ತಿರ ಹೋಗಿ ನಿಂತಿತು. ಹಿಂದೆ ಯುವಕ “ಬಸವಣ್ಣಾ” ಎಂದು ಉಸಿರು ಬಿಟ್ಟ. ಬಂಡಿಯ ಮುದುಕನಿಗೆ ಬಾಯಿ, “ನಿಂದೇ ದಾರಿ ಯಜಮಾನಾ, ಸಾವಕಾಶ ಹೋಗು,” ಎಂದರು. ದನಿಯಲ್ಲಿ ನಡುಕವೇ ಇರಲಿಲ್ಲ. ಬಂಡಿ ದಾಟಿದ ಮೇಲೆ ಮಾತ್ರ ಅಂಗೈಯನ್ನು ಸೀರೆಗೆ ಒರೆಸಿಕೊಂಡದ್ದನ್ನು ನಾನು ನೋಡಿದೆ.

ಆ ಮನೆಯ ಒಳಕೋಣೆ ಕತ್ತಲಾಗಿತ್ತು. ಹೆಣ್ಣುಮಗಳ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು, ಕೈ ತಣ್ಣಗಿತ್ತು. ಕೂಸು ಮೂಲೆಯಲ್ಲಿ ಮೊರದ ಮೇಲೆ ಅಳುತ್ತಿತ್ತು. ಗೋಡೆಯ ಗೂಟಕ್ಕೆ ಸಲೈನ್ ಕಟ್ಟಿದೆವು. ಇಂಜೆಕ್ಷನ್ ಕೊಟ್ಟೆ. ನನ್ನ ಕೈಯನ್ನು ಬಾಣಂತಿಯ ಹೊಟ್ಟೆಯ ಮೇಲೆ ಸರಿಯಾದ ಜಾಗದಲ್ಲಿ ಇಟ್ಟು, “ಇಲ್ಲಿ ಹಿಡಿ, ಬಿಡಬ್ಯಾಡ,” ಎಂದು ಬಾಯಿ ಕೆಲಸಕ್ಕೆ ಕೂತರು. ಅವರು ಕಣ್ಣು ಮುಚ್ಚಿಕೊಂಡಿದ್ದರು. ಬೆರಳಿಗೆ ಸಿಕ್ಕಿದ್ದನ್ನಷ್ಟೇ ನಂಬಿ, ಆತುರವಿಲ್ಲದೆ ಮಾಸನ್ನು ಬಿಡಿಸಿ ತೆಗೆದರು. ನನ್ನ ಅಂಗೈಯ ಕೆಳಗೆ ಗರ್ಭಕೋಶ ನಿಧಾನವಾಗಿ ಗಟ್ಟಿಯಾಯಿತು. ರಕ್ತ ಕಡಿಮೆಯಾಯಿತು, ನಿಂತಿತು. ಎಷ್ಟೋ ಹೊತ್ತಿನ ಮೇಲೆ ಆ ಹೆಣ್ಣುಮಗಳು ಕಣ್ಣು ತೆರೆದು, “ನೀರು ಕೊಡ್ರೆವ್ವಾ,” ಎಂದಳು. ಬಾಗಿಲಾಚೆ ಅವಳ ತಮ್ಮ ಗೋಡೆಗೆ ಹಣೆ ಒತ್ತಿ ಅತ್ತ.

ಸಂಜೆಗೆ ಮುಂಚೆ ತಾಯಿ ಕೂಸು ಇಬ್ಬರನ್ನೂ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಚಿತ್ತಾಪುರಕ್ಕೆ ತಂದೆವು. ಆಸ್ಪತ್ರೆಗೆ ಬಂದು ಬಗ್ಗಿ ನೋಡಿದರೆ ಫೋರ್ಸೆಪ್ಸ್ ಎರಡೂ ಧೂಳು ಮೆತ್ತಿಕೊಂಡು ಹಿಡಿದ ಹಿಡಿತ ಬಿಡದೆ ಹಾಗೇ ಇದ್ದವು.

ಆಮೇಲೆ ಶಹಾಬಾದದಿಂದ ಗ್ಯಾರೇಜಿನ ಮಿಸ್ತ್ರಿ ತಾನೇ ಬಸ್ಸಿಗೆ ಬಂದ. ಗಾಲಿ ಬಿಚ್ಚಿದಾಗ ಒಳಗಿನ ರಬ್ಬರಿನ ಸಣ್ಣ ಬಟ್ಟಲು ನೆನೆಹಾಕಿದ ಕಡಲೆಯ ಹಾಗೆ ಉಬ್ಬಿ ಓರೆಯಾಗಿತ್ತು. ಜೋಡಿಸುವ ಮೊದಲು ಅದನ್ನು ಸೀಮೆಎಣ್ಣೆಯಲ್ಲಿ ತೊಳೆದಿದ್ದನಂತೆ. ಸೀಮೆಎಣ್ಣೆ ತಾಗಿದರೆ ಆ ರಬ್ಬರ್ ಕೆಡುತ್ತದೆ. “ಗಲತಿ ಆತ್ರಿ ಬಾಯಾರ,” ಎಂದು ಅವನು ತಲೆ ತಗ್ಗಿಸಿದ. ಬಾಯಿ ಉರ್ದುವಿನಲ್ಲಿ ಶುರುಮಾಡಿದರು. ನಾವೆಲ್ಲ ಅಲ್ಲಿಂದ ಜಾಗ ಖಾಲಿ ಮಾಡಿದೆವು. ತಿರುಗಿ ಬಂದು ನೋಡಿದರೆ ಇಬ್ಬರೂ ಬೇವಿನ ಮರದ ಕೆಳಗೆ ಕಪ್ಪಿನ ಚಹಾ ಬಸಿಗೆ ಸುರಿದು ಕುಡಿಯುತ್ತಾ, ಬಿಚ್ಚಿದ ಗಾಲಿ ನಡುವೆ ಇಟ್ಟುಕೊಂಡು ಮಾತಾಡುತ್ತಿದ್ದರು. ಮುಂದೆ ಬಾಯಿ ಕಾರನ್ನು ಅವನ ಹತ್ತಿರವೇ ಬಿಡುತ್ತಿದ್ದರು.

ಆ ದಿನದಿಂದ ನಾನು ಬಾಯಿಯ ಮುಖ ನೋಡಿ ಮಾತಾಡತೊಡಗಿದೆ. ವಾಡಿಯ ರಸ್ತೆಯಲ್ಲಿ ಅವರೇ ನನಗೆ ಕಾರು ಓಡಿಸಲು ಕಲಿಸಿದರು. ಹಿಂದಕ್ಕೆ ತೆಗೆಯುವುದನ್ನು ಮಾತ್ರ ನಾನೇ ಕಲಿತೆ. ವಾರ್ಡಿನಲ್ಲಿ ಏನೇ ಅನುಮಾನ ಬಂದರೂ ಯಾವ ಡಾಕ್ಟರ ಮುಂದೆಯೂ ಹೇಳಿಬಿಡುತ್ತಿದ್ದೆ. ಕೆಲವರು ಕೇಳಿದರು, ಕೆಲವರು ಸಿಟ್ಟಾದರು. ನನಗೇನೂ ಅನಿಸುತ್ತಿರಲಿಲ್ಲ. ಮುಂದೆ ಗುಂಡಗುರ್ತಿ, ಚಿಂಚೋಳಿ, ಕಡೆಗೆ ಸೇಡಂ... ಹೋದ ಕಡೆಯೆಲ್ಲ ಹಾಗೇ ನೌಕರಿ ಮಾಡಿದೆ.

ಬಾಯಿ ನಿವೃತ್ತರಾಗಿ ಹೈದರಾಬಾದಿಗೆ ಹೋದರು. ಕೆಲ ವರ್ಷಗಳ ಮೇಲೆ ಒಮ್ಮೆ ಅಲ್ಲಿಗೆ ಹೋಗಿ ಕಂಡೆ. ಅಣ್ಣನ ಮಗಳ ಮನೆಯಲ್ಲಿದ್ದರು. ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿತ್ತು, ಕಾರು ಮಾರಿದ್ದರು. ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಬೆರಳು ಒಂದೊಂದೇ ಮುಟ್ಟಿ, “ಕೆಲಸ ಮಾಡೋ ಕೈ ಅದ,” ಎಂದು ನಕ್ಕರು. ಹೊರಡುವಾಗ ಕೇಳಿದರು: “ಆ ದಂಡೋತಿ ಹೆಣ್ಮಗಳು ಹ್ಯಾಂಗಿದ್ದಾಳ?”

ನನಗೆ ಗೊತ್ತಿರಲಿಲ್ಲ. ತಿಳಿದುಕೊಂಡು ಬಂದು ಹೇಳುತ್ತೇನೆ ಎಂದೆ.

ಕೆಲಸ, ಮಕ್ಕಳು, ವರ್ಗ... ದಂಡೋತಿಗೆ ಹೋಗಲು ತಡವಾಯಿತು. ಹೋದಾಗ ಅವಳು ಮನೆ ಮುಂದೆ ಎಮ್ಮೆ ಹಿಂಡುತ್ತಿದ್ದಳು. ಗಟ್ಟಿಮುಟ್ಟಾಗಿದ್ದಳು. ಆಮೇಲೆ ಮತ್ತೆರಡು ಮಕ್ಕಳು, ಎರಡೂ ಆಸ್ಪತ್ರೆಯಲ್ಲೇ ಹೆತ್ತದ್ದು. ನನ್ನನ್ನು ಗುರುತು ಹಿಡಿಯಲಿಲ್ಲ. ಬಾಯಿಯ ಮಾತೆತ್ತಿದಾಗ ಎದ್ದು ನಿಂತು, ಹಾಲಿನ ಕೈಯನ್ನು ಒರೆಸಿಕೊಂಡು, “ಅರಾಮ ಇದ್ದಾರೇನ್ರಿ ಅವರು?” ಎಂದಳು. ಇದ್ದಾರೆ ಎಂದೆ.

ಮುಂದಿನ ಸಲ ವಾಡಿ ಸ್ಟೇಶನ್ನಿನಲ್ಲಿ ಹೈದರಾಬಾದಿನ ಗಾಡಿಗೆ ಕಾಯುತ್ತಿದ್ದೆ. ಹಳೆಯ ಕಂಪೌಂಡರ ಹೆಂಡತಿ ಸಿಕ್ಕಳು. ಎಲ್ಲಿಗೆ ಎಂದು ಕೇಳಿದಳು, ಹೇಳಿದೆ. ಅವಳು ನನ್ನ ತೋಳು ಹಿಡಿದು ಬೆಂಚಿನ ಮೇಲೆ ಕೂಡಿಸಿದಳು. ಬಾಯಿ ತೀರಿಹೋಗಿ ಆಗಲೇ ಎಷ್ಟೋ ದಿನವಾಗಿತ್ತು. ಗಾಡಿ ಬಂತು, ಜನ ಹತ್ತಿದರು, ಇಳಿದರು. ನಾನು ಹತ್ತಲಿಲ್ಲ.

ಈಗ ಚಿತ್ತಾಪುರದ ಆಸ್ಪತ್ರೆಯಲ್ಲಿ ಅವರನ್ನು ಬಲ್ಲವರು ಯಾರೂ ಉಳಿದಿಲ್ಲ. ಕಂಪೌಂಡರೂ ಹೋದರು, ಆ ಮಿಸ್ತ್ರಿಯೂ. ಬಾಯಿಯ ಒಂದು ಫೋಟೋ ಕೂಡ ನನ್ನ ಹತ್ತಿರ ಇಲ್ಲ. ದಂಡೋತಿಯ ಹೆಣ್ಣುಮಗಳು ಚೆನ್ನಾಗಿದ್ದಾಳೆ ಎಂಬ ಸುದ್ದಿಯೊಂದು ಮಾತ್ರ ಇದೆ. ಅವರಿಗೆಂದೇ ತಂದದ್ದು, ಇಷ್ಟು ವರ್ಷವಾದರೂ ನನ್ನಲ್ಲೇ ಉಳಿದಿದೆ.